ಗೇರುಬೀಜದ ಅಲರ್ಜಿಯನ್ನು ಇಲಿಗಳಲ್ಲಿ ಅಭ್ಯಸಿಸುವ ಕ್ರಮ

ಪ್ರಯೋಗಾಲಯದ ಇಲಿಗೆ ಗೇರುಬೀಜ ತಿನ್ನಿಸಿದ ಮಾತ್ರಕ್ಕೆ ಅದಕ್ಕೆ ಅಲರ್ಜಿ ಬರುವುದಿಲ್ಲ. ಬಾಯಿಯ ಮೂಲಕ ಒಳಹೊಕ್ಕ ಪ್ರೋಟೀನನ್ನು ಸಹಿಸಿಕೊಳ್ಳುವುದೇ ಕರುಳಿನ ಸಹಜ ಧರ್ಮ. ಅಲ್ಲಿನ ನಿಯಂತ್ರಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಅದರ ವಿರುದ್ಧ ಏಳಬಹುದಾದ ಪ್ರತಿಕ್ರಿಯೆಯನ್ನು ಮೊಳಕೆಯಲ್ಲೇ ತಡೆಯುತ್ತವೆ. ಆದುದರಿಂದ ಇಲಿಯಲ್ಲಿ ಆಹಾರದ ಅಲರ್ಜಿಯನ್ನು ಅಭ್ಯಸಿಸುವವರು ಮೊದಲು ಈ ಸಹಿಷ್ಣುತೆಯನ್ನು ಮುರಿಯಬೇಕಾಗುತ್ತದೆ. ಅದನ್ನು ಯಾವ ದಾರಿಯಿಂದ ಮುರಿದೆವು ಎಂಬುದರ ಮೇಲೆಯೇ ಕೊನೆಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದು ನಿಂತಿದೆ. ಮಂಜೇಶ್ವರ, ಬದಿಯಡ್ಕ, ಕಾಸರಗೋಡುಗಳಿಂದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಮಂಗಳೂರಿಗೋ ಜೀವವಿಜ್ಞಾನ ಕಲಿಯಲು ಹೋಗುವ ಕನ್ನಡದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದೆ. ಈ ಕ್ಷೇತ್ರದ ಹೆಚ್ಚಿನ ಪ್ರಯೋಗಗಳು ಕೋಳಿಮೊಟ್ಟೆಯ ಓವಾಲ್ಬುಮಿನ್ ಮತ್ತು ನೆಲಗಡಲೆಯ ಮೇಲೆ ನಡೆದಿವೆಯಾದರೂ, ನಮ್ಮ ಗುಡ್ಡಗಳಲ್ಲಿ ಬೆಳೆಯುವ ಗೇರುಬೀಜವನ್ನೇ ಇಲ್ಲಿ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ.

ಕೆಲಸ ಆರಂಭವಾಗುವುದು ಅನುಮತಿಯಿಂದ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮತ್ತು ಅದರಡಿಯ 1998ರ ನಿಯಮಗಳಂತೆ, ನೋಂದಾಯಿತ ಸಂಸ್ಥೆಯೊಂದರಲ್ಲಿ, ಅಲ್ಲಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದ ಮೇಲೆಯೇ ಇಲಿಯನ್ನು ಮುಟ್ಟಬಹುದು. ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ತತ್ತ್ವಗಳು, ಅಂದರೆ ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ತಗ್ಗಿಸುವುದು, ನೋವು ತಗ್ಗಿಸುವುದು, ಅರ್ಜಿಯ ಪ್ರತಿ ಪುಟದಲ್ಲೂ ಕಾಣಿಸಬೇಕು. ಅಲರ್ಜಿ ಇರುವವರ ರಕ್ತಸಾರದಲ್ಲಿನ ಐಜಿಇ ಎಂಬ, ಅಲರ್ಜಿ ಎಬ್ಬಿಸುವ ಪ್ರತಿಕಾಯ ಯಾವ ಪ್ರೋಟೀನಿಗೆ ಅಂಟುತ್ತದೆ ಎಂಬಷ್ಟೇ ನಿಮ್ಮ ಪ್ರಶ್ನೆಯಾಗಿದ್ದರೆ ಇಲಿಯ ಅಗತ್ಯವೇ ಇಲ್ಲ.

ಇನ್ನು ಪ್ರತಿಜನಕದ, ಅಂದರೆ ಇಲಿಗೆ ಕೊಡುವ ಗೇರಿನ ಪ್ರೋಟೀನಿನ, ತಯಾರಿ. ಹೆಚ್ಚಿನವರು ಅವಸರಪಡುವುದು ಇಲ್ಲಿಯೇ, ಆದುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಗೇರುಬೀಜದ ಮುಖ್ಯ ಅಲರ್ಜಿಕಾರಕಗಳು ಮೂರು: ವಿಸಿಲಿನ್ ಗುಂಪಿನ ಅನಾ ಓ 1, ಲೆಗ್ಯುಮಿನ್ ಗುಂಪಿನ ಅನಾ ಓ 2 ಮತ್ತು 2ಎಸ್ ಆಲ್ಬುಮಿನ್ ಆಗಿರುವ ಅನಾ ಓ 3. ಇವೆಲ್ಲವೂ ತಿರುಳಿನಲ್ಲಿರುವ ಸಂಗ್ರಹ ಪ್ರೋಟೀನುಗಳು. ಹೊರಗಿನ ಗಟ್ಟಿ ಚಿಪ್ಪಿನ ಎಣ್ಣೆಯಲ್ಲಿ ಇರುವುದು ಬೇರೆಯೇ ವಸ್ತು. ಬೀಜ ಸುಲಿಯುವವರ ಬೆರಳುಗಳನ್ನು ಸುಟ್ಟು ಚರ್ಮ ಏಳಿಸುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಅಲ್ಲಿವೆ. ಆ ಎಣ್ಣೆಯಿಂದ ಬರುವ ಸಂಪರ್ಕ ಅಲರ್ಜಿ ಟಿ ಕೋಶಗಳಿಂದ ಉಂಟಾಗಿ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಬೀಜ ತಿಂದ ನಿಮಿಷಗಳಲ್ಲಿ ತುಟಿ ಊದುವ, ಉಸಿರು ಕಟ್ಟುವ ಐಜಿಇ ಅಲರ್ಜಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಊರುಗಳಲ್ಲಿ ಎರಡನ್ನೂ ಗೇರಿನ ನಂಜೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು, ಆದರೆ ಪ್ರಯೋಗದಲ್ಲಿ ಅವು ಬೆರೆಯಬಾರದು. ಹಾಗಾಗಿ ಚಿಪ್ಪಿನ ಎಣ್ಣೆ ತಾಗದ ತಿರುಳನ್ನೇ ಆರಿಸಿ, ಕೆಂಪು ತೆಳುಸಿಪ್ಪೆಯನ್ನು ತೆಗೆದು, ಪುಡಿಮಾಡಿ, ಹೆಕ್ಸೇನಿನಿಂದ ಕೊಬ್ಬನ್ನು ಕಳೆದು, ಒಣಗಿದ ಹಿಟ್ಟಿನಿಂದ ಫಾಸ್ಫೇಟ್ ಲವಣದ್ರಾವಣಕ್ಕೆ ಪ್ರೋಟೀನನ್ನು ಇಳಿಸಿಕೊಳ್ಳಬೇಕು. ಹಸಿ ಬೀಜವೋ ಹುರಿದದ್ದೋ ಎಂಬುದನ್ನು ಮೊದಲೇ ನಿರ್ಧರಿಸಿ. ಬಿಸಿಗೆ ಪ್ರೋಟೀನಿನ ಆಕಾರ ಬದಲಾಗುತ್ತದೆ.

ಸಾರ ಸಿದ್ಧವಾದ ಮೇಲೆ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿ ಮೂರೂ ಪ್ರೋಟೀನುಗಳಿರುವುದನ್ನು ಖಚಿತಪಡಿಸಿಕೊಳ್ಳಿ, ಎಂಡೋಟಾಕ್ಸಿನ್ ಪ್ರಮಾಣವನ್ನೂ ಅಳೆಯಿರಿ. ಬ್ಯಾಕ್ಟೀರಿಯಾದ ಈ ಕಲ್ಮಶ ಅಲ್ಪ ಪ್ರಮಾಣದಲ್ಲಿದ್ದರೆ ಅಲರ್ಜಿಯ ಕಡೆಗೂ, ಹೆಚ್ಚಿದ್ದರೆ ಅದರ ವಿರುದ್ಧ ದಿಕ್ಕಿಗೂ ಪ್ರತಿಕ್ರಿಯೆಯನ್ನು ತಿರುಗಿಸಬಲ್ಲದು. ಇಡೀ ಅಧ್ಯಯನಕ್ಕೆ ಸಾಕಾಗುವಷ್ಟು ಸಾರವನ್ನು ಒಂದೇ ಸಲ ತಯಾರಿಸಿ, ಸಣ್ಣ ಭಾಗಗಳಾಗಿ ಘನೀಕರಿಸಿಡುವುದು ಲೇಸು.

ಇಲಿಯ ತಳಿಯನ್ನು ಪ್ರಶ್ನೆಗೆ ತಕ್ಕಂತೆ ಆರಿಸಬೇಕು. ಬಾಲ್ಬ್/ಸಿ ತಳಿ ಟಿಎಚ್2 ಮಾದರಿಯ, ಅಂದರೆ ಅಲರ್ಜಿಯತ್ತ ಒಯ್ಯುವ, ಪ್ರತಿಕ್ರಿಯೆಗೆ ಸುಲಭವಾಗಿ ವಾಲುವುದರಿಂದ ಹೆಚ್ಚು ಬಳಕೆಯಲ್ಲಿದೆ. ಎಂಡೋಟಾಕ್ಸಿನನ್ನು ಗುರುತಿಸುವ ಟಿಎಲ್ಆರ್4 ಜೀನಿನಲ್ಲಿ ದೋಷವಿರುವ ಸಿ3ಎಚ್/ಹೆಚ್‌ಇಜೆ ತಳಿಯಲ್ಲಿ ಬಾಯಿಯ ಮೂಲಕವೇ ಅಲರ್ಜಿ ಎಬ್ಬಿಸುವುದು ಸುಲಭ. ಜೀನ್ ತಿದ್ದಿದ ಇಲಿಗಳು ಬೇಕಾದಾಗ ಸಿ57 ಕಪ್ಪು ಇಲಿಯ ಮೊರೆಹೋಗಬೇಕಾಗುತ್ತದೆ. ತಳಿಗಿಂತಲೂ ಹೆಚ್ಚು ಗಮನ ಬೇಡುವುದು ಮೇವು. ಅಭ್ಯಸಿಸುವ ಪ್ರೋಟೀನು ಇಲಿಯ ಮೇವಿನಲ್ಲಿ ಮೊದಲೇ ಇದ್ದರೆ ಸಹಿಷ್ಣುತೆ ಬೇರೂರಿಬಿಟ್ಟಿರುತ್ತದೆ. ಮಾಮೂಲು ಮೇವಿನಲ್ಲಿ ಸೋಯಾ ಇರುವುದರಿಂದ ಸೋಯಾ ಅಲರ್ಜಿಯನ್ನು ಅಭ್ಯಸಿಸುವವರು ತಾಯಿ ಇಲಿಯಿಂದಲೇ ಸೋಯಾ ಇಲ್ಲದ ಮೇವು ಕೊಡಬೇಕು. ಗೇರಿಗೆ ಆ ತೊಂದರೆ ಕಡಿಮೆ, ಆದರೂ ಮೇವಿನ ಪಟ್ಟಿಯನ್ನು ತರಿಸಿ ಓದಿ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಮಳೆಗೆ ಮೇವಿನ ಚೀಲ ಬೂಸ್ಟು ಹಿಡಿಯುವುದು ಸಾಮಾನ್ಯವಾದುದರಿಂದ ಮುಚ್ಚಳ ಬಿಗಿಯಾದ ಡಬ್ಬಿಗಳು ಬೇಕೇ ಬೇಕು.

ಸಹಿಷ್ಣುತೆಯನ್ನು ಮುರಿಯಲು ಮೂರು ದಾರಿಗಳು ರೂಢಿಯಲ್ಲಿವೆ. ಮೊದಲನೆಯದು ಪ್ರತಿಕ್ರಿಯೆಯನ್ನು ಹೆಚ್ಚಿಸುವ ಪ್ರಚೋದಕವಾದ ಆಲಮ್ (ಅಲ್ಯೂಮಿನಿಯಂ ಲವಣ) ಜತೆ ಪ್ರೋಟೀನನ್ನು ಹೊಟ್ಟೆಯ ಪೊಳ್ಳಿಗೆ ಚುಚ್ಚುವುದು. ಓವಾಲ್ಬುಮಿನ್ ಪ್ರಯೋಗಗಳಲ್ಲಿ 50 ಮೈಕ್ರೋಗ್ರಾಂ ಪ್ರೋಟೀನನ್ನು 1 ಮಿಲಿಗ್ರಾಂ ಆಲಮ್ ಜತೆ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಕೊಟ್ಟು, ಇನ್ನೆರಡು ವಾರ ಕಳೆದ ಮೇಲೆ 50 ಮಿಲಿಗ್ರಾಂನಂತೆ ಹಲವು ಬಾರಿ ಬಾಯಿಯ ಮೂಲಕ ಕೊಡುವ ಕ್ರಮ ಪ್ರಸಿದ್ಧವಾಗಿದೆ. ಎರಡನೆಯದು ಇನ್ನೊಂದು ಪ್ರಚೋದಕವಾದ ಕಾಲರಾ ವಿಷದೊಂದಿಗೆ ಜಠರಕ್ಕೆ ಉಣಿಸುವುದು. ಮೂರನೆಯದು ಗಾಯಗೊಂಡ ಚರ್ಮದ ಮೇಲೆ ಹಚ್ಚುವುದು. ಕೆರೆದ ಚರ್ಮದ ಕೋಶಗಳು ಟಿಎಸ್ಎಲ್‌ಪಿ, ಐಎಲ್-33ರಂಥ ಸಂಕೇತಗಳನ್ನು ಬಿಡುಗಡೆ ಮಾಡಿ ಅಲರ್ಜಿಗೆ ಹಾದಿ ತೆರೆಯುತ್ತವೆ. ಮಕ್ಕಳಲ್ಲಿ ಇಸುಬು ಇರುವ ಚರ್ಮದ ಮೂಲಕ ಅಲರ್ಜಿಯೂ ಬಾಯಿಯ ಮೂಲಕ ಸಹಿಷ್ಣುತೆಯೂ ಹುಟ್ಟುತ್ತವೆ ಎಂದು ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ 2008ರಲ್ಲಿ ಮಂಡಿಸಿದ ಊಹೆಗೆ ಈ ಮೂರನೆಯ ದಾರಿಯೇ ಹತ್ತಿರದ್ದು. ಎಳೆಯ ವಯಸ್ಸಿನಲ್ಲೇ ನೆಲಗಡಲೆ ತಿಂದ ಮಕ್ಕಳಿಗೆ ಅದರ ಅಲರ್ಜಿ ಬಹಳ ಕಡಿಮೆ ಎಂದು ತೋರಿಸಿದ 2015ರ ಲೀಪ್ ಅಧ್ಯಯನವೂ ಆ ಊಹೆಗೆ ಬಲ ಕೊಟ್ಟಿತು. ಅಲರ್ಜಿ ಹುಟ್ಟುವ ಬಗೆಯೇ ನಿಮ್ಮ ಪ್ರಶ್ನೆಯಾಗಿದ್ದರೆ ನನ್ನ ಒಲವು ಚರ್ಮದ ಮಾದರಿಯ ಕಡೆಗೆ.

ಹೋಲಿಕೆಯ ಗುಂಪುಗಳಲ್ಲಿ ಜಿಪುಣತನ ಸಲ್ಲದು. ಬರೀ ದ್ರಾವಣ, ಬರೀ ಪ್ರಚೋದಕ, ಬರೀ ಪ್ರೋಟೀನು ಪಡೆದ ಇಲಿಗಳು ಇಲ್ಲದೆ ಫಲಿತಾಂಶಕ್ಕೆ ಅರ್ಥವಿಲ್ಲ. ಇಲಿಗಳು ಒಂದು ಇನ್ನೊಂದರ ಹಿಕ್ಕೆ ತಿನ್ನುವುದರಿಂದ ಒಂದೇ ಪಂಜರದವುಗಳ ಕರುಳಿನ ಸೂಕ್ಷ್ಮಜೀವಿಗಳು ಒಂದೇ ಬಗೆಯವಾಗುತ್ತವೆ. ಆದುದರಿಂದ ಒಂದು ಗುಂಪನ್ನು ಒಂದೇ ಪಂಜರದಲ್ಲಿಡದೆ ಹಲವು ಪಂಜರಗಳಿಗೆ ಹಂಚಬೇಕು.

ಬಾಯಿಯ ಮೂಲಕ ಸವಾಲು ಒಡ್ಡುವ, ಅಂದರೆ ಅಲರ್ಜಿ ಎದ್ದಿದೆಯೇ ಎಂದು ನೋಡಲು ಗೇರಿನ ಪ್ರೋಟೀನು ಕೊಡುವ, ದಿನ ಮೂರು ನಾಲ್ಕು ಗಂಟೆ ಮೇವು ತೆಗೆದು, ಮೊಂಡು ತುದಿಯ ಸೂಜಿಯಿಂದ ಸುಮಾರು 0.2 ಮಿಲಿಲೀಟರ್ ದ್ರಾವಣವನ್ನು ಜಠರಕ್ಕೆ ಇಳಿಸಬೇಕು. ಬಳಿಕ ಒಂದು ಗಂಟೆಯವರೆಗೆ ನಿಯತ ಅಂತರದಲ್ಲಿ ಗುದದ ತಾಪಮಾನವನ್ನೂ (ತೀವ್ರ ಅಲರ್ಜಿಯಲ್ಲಿ ಇಲಿಯ ಮೈ ತಣ್ಣಗಾಗುತ್ತದೆ), ಕೆರೆತ, ಮೂತಿಯ ಊತ, ಭೇದಿ, ನಿಶ್ಚಲತೆ ಮುಂತಾದ ಲಕ್ಷಣಗಳನ್ನೂ ಬರೆದಿಡಬೇಕು. ಯಾವ ಇಲಿ ಯಾವ ಗುಂಪಿನದೆಂದು ತಿಳಿಯದವರೇ ಅಂಕ ಕೊಡಬೇಕು. ಕೋಣೆಯನ್ನು 22 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳುವುದು ಮುಖ್ಯ. ಮಳೆಗಾಲದಲ್ಲಿ ಕರೆಂಟು ಹೋಗಿ ಕೋಣೆ ಬಿಸಿಯೇರಿದರೆ ಆ ದಿನದ ತಾಪಮಾನದ ಅಂಕಿಗಳನ್ನು ನಂಬುವಂತಿಲ್ಲ. ಯಾವ ಹಂತ ತಲುಪಿದರೆ ಇಲಿಯನ್ನು ನೋವಿಲ್ಲದೆ ಕೊನೆಗಾಣಿಸಬೇಕೆಂಬುದು ಮೊದಲೇ ಬರಹದಲ್ಲಿರಬೇಕು.

ಸವಾಲಿನ ಗಂಟೆಯೊಳಗೆ ತೆಗೆದ ರಕ್ತದಲ್ಲಿ ಎಂಎಂಸಿಪಿಟಿ-1 ಎಂಬ ಕಿಣ್ವ ಏರಿದ್ದರೆ ಅಲರ್ಜಿಯ ರಾಸಾಯನಿಕಗಳನ್ನು ತುಂಬಿಕೊಂಡಿರುವ ಕರುಳಿನ ಮಾಸ್ಟ್ ಕೋಶಗಳು ಅವನ್ನು ಹೊರಹಾಕಿವೆ ಎಂದರ್ಥ. ಗೇರಿಗೇ ಮೀಸಲಾದ ಐಜಿಇಯನ್ನು ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯಲ್ಲಿ ಅಳೆಯುವಾಗ ತಟ್ಟೆಗೆ ಪ್ರೋಟೀನು ಹಚ್ಚಿದರೆ ಎಷ್ಟೋ ಪಾಲು ಹೆಚ್ಚಿರುವ ಐಜಿಜಿ1 ಎಂಬ ಇನ್ನೊಂದು ಪ್ರತಿಕಾಯ ಜಾಗವನ್ನೆಲ್ಲ ಆಕ್ರಮಿಸಿಬಿಡುತ್ತದೆ. ಐಜಿಇಯನ್ನು ಮೊದಲು ಹಿಡಿದಿಟ್ಟು ಮೇಲೆ ಬಯೋಟಿನ್ ಸೇರಿಸಿದ ಪ್ರೋಟೀನು ಹಾಕುವ ಕ್ರಮ ಉತ್ತಮ. ಗುಲ್ಮ ಮತ್ತು ಕರುಳಿನ ದುಗ್ಧಗ್ರಂಥಿಗಳ ಕೋಶಗಳನ್ನು ಗೇರಿನ ಪ್ರೋಟೀನಿನೊಂದಿಗೆ ಬೆಳೆಸಿ ಐಎಲ್-4, ಐಎಲ್-5, ಐಎಲ್-13 ಎಂಬ ಅಲರ್ಜಿಯ ಸಂಕೇತ ಪ್ರೋಟೀನುಗಳನ್ನು ಅಳೆಯುವುದು ಉಳಿದ ಕೆಲಸ.

ಒಂದು ಎಚ್ಚರಿಕೆ. ಇಲಿಯಲ್ಲಿ ಐಜಿಇ ಇಲ್ಲದೆ ಐಜಿಜಿಯಿಂದಲೂ ತಾಪಮಾನ ಕುಸಿಯಬಲ್ಲದು, ಅದರಲ್ಲೂ ಪ್ರೋಟೀನನ್ನು ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಚುಚ್ಚಿದಾಗ. ಎರಡನ್ನೂ ಬೇರ್ಪಡಿಸಲು ಹಳೆಯ ಉಪಾಯವೊಂದಿದೆ. 1921ರಲ್ಲಿ ಪ್ರೌಸ್ನಿಟ್ಜ್ ಎಂಬ ವಿಜ್ಞಾನಿ, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತಸಾರವನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರ ಚುಚ್ಚಿದಾಗ ದದ್ದು ಎದ್ದುದನ್ನು ಕಂಡನು. ಹಾಗೆಯೇ ಅಲರ್ಜಿಯಿರುವ ಇಲಿಯ ರಕ್ತಸಾರವನ್ನು ಆರೋಗ್ಯವಂತ ಇಲಿಯ ಚರ್ಮಕ್ಕೆ ವರ್ಗಾಯಿಸಬಹುದು. 56 ಡಿಗ್ರಿಯಲ್ಲಿ ಕಾಯಿಸಿದ ರಕ್ತಸಾರದಲ್ಲಿ ಐಜಿಇ ಶಕ್ತಿಗುಂದುತ್ತದೆ, ಐಜಿಜಿ1 ಉಳಿಯುತ್ತದೆ. ಕಾಯಿಸಿದ ಮೇಲೆ ಪ್ರತಿಕ್ರಿಯೆ ಮಾಯವಾದರೆ ಅದು ಐಜಿಇಯದೇ.

ವರದಿ ಬರೆಯುವಾಗ 2020ರಲ್ಲಿ ಪರಿಷ್ಕರಿಸಿದ ಅರೈವ್ ಎಂಬ ಪ್ರಾಣಿ ಪ್ರಯೋಗ ವರದಿಯ ಮಾರ್ಗಸೂಚಿಯಂತೆ ತಳಿ, ಲಿಂಗ, ವಯಸ್ಸು, ಮೇವು, ಪಂಜರ, ಎಂಡೋಟಾಕ್ಸಿನ್ ಪ್ರಮಾಣ, ಕೈಬಿಟ್ಟ ಇಲಿಗಳ ಕಾರಣ ಎಲ್ಲವನ್ನೂ ದಾಖಲಿಸಬೇಕು. ಆಲಮ್ ಚುಚ್ಚಿ ಅಲರ್ಜಿ ಎಬ್ಬಿಸಿದ ಅಧ್ಯಯನವಾದರೆ, ಐಜಿಇ ಹುಟ್ಟಿದ ನಂತರ ಕರುಳಿನಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಮಾತ್ರ ತೀರ್ಮಾನ ಬರೆಯಿರಿ. ಮಗುವಿಗೆ ಗೇರುಬೀಜ ಏಕೆ ಒಗ್ಗದಾಯಿತೆಂಬ ಪ್ರಶ್ನೆಗೆ ಆ ಇಲಿಗಳಿಂದ ಉತ್ತರ ಸಿಗುವುದಿಲ್ಲ.