ಸ್ಲೈಡಿನಲ್ಲಿ ಘಾತ, ಅರ್ಕಾವತ್ತು, ಒತ್ತಕ್ಷರ ಕೆಡದಂತೆ ಮಾಡುವುದು

ಜೈವಿಕ ಗೊಬ್ಬರದ ಗುಣಮಟ್ಟ ತಿಳಿಸುವ ಸ್ಲೈಡಿನಲ್ಲಿ ‘ಗ್ರಾಮಿಗೆ 5×10⁷ ಜೀವಕೋಶ’ ಎಂದಿರಬೇಕು. ಆ 7ನ್ನು ಸೂಪರ್‌ಸ್ಕ್ರಿಪ್ಟ್ ಗುಂಡಿ ಒತ್ತಿ ಮೇಲೆತ್ತಿದ್ದರೆ, ಸಾಲನ್ನು ಬರೀ ಅಕ್ಷರವಾಗಿ ಬೇರೆಡೆ ಅಂಟಿಸಿದಾಗ ಅದು 5×107 ಆಗುತ್ತದೆ. ಐದು ಕೋಟಿ ಇದ್ದದ್ದು 535 ಆಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೋ, ಜಮಖಂಡಿ, ಮುಧೋಳದ ಕಬ್ಬಿನ ರೈತರಿಗೋ ಇಂಥ ಸ್ಲೈಡ್ ತೋರಿಸುವುದು ದೊಡ್ಡ ತಪ್ಪು.

ಗುಂಡಿ ಒತ್ತಿದರೆ ಬದಲಾಗುವುದು 7ರ ಜಾಗ ಮಾತ್ರ, ಅಂಕಿ ಅದೇ 7. ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ) ⁷ ಎಂಬುದೇ ಬೇರೆ ಅಕ್ಷರ. ಅದನ್ನೇ ಹಾಕಿದರೆ ಎಲ್ಲಿ ಅಂಟಿಸಿದರೂ ಕೆಳಗಿಳಿಯದು.

ಪವರ್‌ಪಾಯಿಂಟಿನಲ್ಲಿ ಕರ್ಸರನ್ನು ಅಕ್ಷರಗಳ ನಡುವೆ ಇಟ್ಟು ಇನ್ಸರ್ಟ್, ಸಿಂಬಲ್ ತೆರೆಯಿರಿ. (ಕರ್ಸರ್ ಪೆಟ್ಟಿಗೆಯೊಳಗೆ ಇಲ್ಲದಿದ್ದರೆ ಸಿಂಬಲ್ ಗುಂಡಿ ಮಸುಕಾಗಿರುತ್ತದೆ.) ಕೆಳಗೆ ಯೂನಿಕೋಡ್ ಹೆಕ್ಸ್ ಆರಿಸಿ, ಕ್ಯಾರೆಕ್ಟರ್ ಕೋಡ್ ಜಾಗದಲ್ಲಿ 2077 ಹಾಕಿ. 4ರಿಂದ 9ರವರೆಗಿನ ಘಾತಗಳಿಗೆ 2074ರಿಂದ 2079. ಕೆಳಗಿಳಿದ ಅಂಕಿಗಳು 2080ರಿಂದ 2089. ಆದರೆ 1, 2, 3ರ ಘಾತ ಈ ಸಾಲಿನಲ್ಲಿಲ್ಲ, 2072 ಹಾಕಿದರೆ ಏನೂ ಸಿಗದು. ಅವಕ್ಕೆ ಆಲ್ಟ್ ಹಿಡಿದು ನಂಬರ್ ಪ್ಯಾಡಿನಲ್ಲಿ 0185, 0178, 0179 ಒತ್ತಿ. ಡಿಗ್ರಿಗೆ 0176, ಗುಣಾಕಾರಕ್ಕೆ 0215.

ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ 2077 ಬರೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಸಾಕು. 10ಕ್ಕೆ ಅಂಟಿಸಿ ಬರೆದರೆ ಮಾತ್ರ 102077 ಎಂದು ಓದಿಕೊಳ್ಳುತ್ತದೆ. ನಡುವೆ ಸ್ಪೇಸ್ ಬಿಟ್ಟು, ಅಕ್ಷರ ಬಂದ ಮೇಲೆ ಅಳಿಸಿ. ಗೂಗಲ್ ಸ್ಲೈಡ್ಸ್‌ನಲ್ಲಿ ಇನ್ಸರ್ಟ್ ಕೆಳಗೆ ಸ್ಪೆಷಲ್ ಕ್ಯಾರೆಕ್ಟರ್ಸ್ ಇದೆ.

ಚಾರ್ಟ್‌ನಲ್ಲಂತೂ ಬೇರೆ ದಾರಿಯಿಲ್ಲ. ಅಕ್ಷದ ಕೆಳಗಿನ ಹೆಸರುಗಳು ಹಾಳೆಯ ಕೋಶದಿಂದ ಬರುವುದರಿಂದ ಅಲ್ಲಿ ಒಂದೇ ಅಂಕಿಯನ್ನು ಕೆಳಗಿಳಿಸಲು ಬಿಡುವುದಿಲ್ಲ. ಗೊಬ್ಬರದ ರಂಜಕವನ್ನು ಅಳೆಯುವ ಸೂತ್ರ ಬೇಕಿದ್ದರೆ ಕೋಶದಲ್ಲೇ ಪಿ₂ಓ₅ ಎಂದು ಅಂಟಿಸಿ. ಕೆಳಗಿಳಿದ ಅಂಕಿ ಕಷ್ಟವೆಂದು ಬರೀ ‘ರಂಜಕ’ ಎಂದು ಬರೆಯಬೇಡಿ, ರಂಜಕವೂ ಪಿ₂ಓ₅ ಕೂಡ ಒಂದೇ ಅಳತೆಯಲ್ಲ. 50 ಕಿಲೋ ಡಿಎಪಿ ಗೊಬ್ಬರದ ಚೀಲದಲ್ಲಿ ಪಿ₂ಓ₅ 23 ಕಿಲೋ, ಬರೀ ರಂಜಕವಾದರೆ ಸುಮಾರು 10 ಕಿಲೋ. ಪಿ₂ಓ₅ ಪದೇಪದೇ ಬೇಕಾಗುವುದಾದರೆ ಪವರ್‌ಪಾಯಿಂಟಿನ ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್‌ನಲ್ಲಿ ಒಂದು ಚಿಕ್ಕ ಸಂಕೇತ ಕೊಟ್ಟಿಡಿ. ಸಂಕೇತ ಬರೆದು ಸ್ಪೇಸ್ ಒತ್ತಿದರೆ ಪೂರ್ತಿ ಪಿ₂ಓ₅ ಬರುತ್ತದೆ.

ಇನ್ನು ಕನ್ನಡದ್ದೇ ತೊಡಕುಗಳು. ‘ರ‍್ಯಾಲಿ’ ಎಂದು ಬರೆಯಹೋದರೆ ‘ರ್ಯಾಲಿ’ ಬರುತ್ತದೆ, ಏಕೆಂದರೆ ರ, ವಿರಾಮ (ಅರ್ಧಾಕ್ಷರ ಮಾಡುವ ‘್’ ಚಿಹ್ನೆ), ಯ ಸೇರಿದರೆ ಅರ್ಕಾವತ್ತೇ ಆಗಬೇಕೆಂಬುದು ನಿಯಮ. ರ ಬರೆದ ಕೂಡಲೇ, ವಿರಾಮಕ್ಕೆ ಮುಂಚೆ, ಕಣ್ಣಿಗೆ ಕಾಣದ, ಜೋಡಿಸುವ ಅಕ್ಷರವೊಂದನ್ನು ಸೇರಿಸಬೇಕು. ಅದರ ಕೋಡ್ 200, ಕೊನೆಗೆ ಇಂಗ್ಲಿಷಿನ ಡಿ. ‘ಸಾಫ್ಟ್‌ವೇರ್’ನಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಿರಲು ಡಿ ಬದಲು ಸಿ, ಅದೂ ವಿರಾಮದ ನಂತರ. ಜಾಗ ಅದಲುಬದಲಾದರೆ ಫಲವಿಲ್ಲ.

ಆಫೀಸಿನ ಮಾಮೂಲು ವಿನ್ಯಾಸದಲ್ಲಿ ಸಾಲಿನ ಅಂತರ 0.9 ಇರುತ್ತದೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ಗುಣಿತಕ್ಕೆ ತಾಗುತ್ತವೆ. 1.1 ಅಥವಾ 1.2 ಮಾಡಿ. ಅಡಿಗೆರೆಯೂ ಒತ್ತನ್ನು ಸೀಳಿಕೊಂಡು ಹೋಗುತ್ತದೆ, ಅದರ ಬದಲು ಬಣ್ಣ ಕೊಡಿ. ನಿರ್ಮಲಾ ಯುಐ, ನೋಟೋ ಸಾನ್ಸ್ ಕನ್ನಡ, ಈ ಎರಡು ಫಾಂಟುಗಳಲ್ಲೂ ಇಟಾಲಿಕ್ (ಓರೆ ಅಕ್ಷರ) ಇಲ್ಲ. ಗುಂಡಿ ಒತ್ತಿದಾಗ ಅಕ್ಷರ ಓರೆಯಾಗುವುದು ತಂತ್ರಾಂಶ ಎಳೆದು ಬಾಗಿಸಿದ್ದರಿಂದ, ಅದು ಓದಲು ಚೆನ್ನಲ್ಲ. ಪದ ಎದ್ದು ಕಾಣಬೇಕಾದಲ್ಲಿ ಬೋಲ್ಡ್ ಸಾಕು.

ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಮಾಡಿದ ಸ್ಲೈಡುಗಳು ಆ ಫಾಂಟ್ ಇಲ್ಲದ ಸಭಾಭವನದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಲಿಪಿಯಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ, ಆದರೆ ನಡುನಡುವಿನ ಇಂಗ್ಲಿಷ್ ಪದಗಳನ್ನು ಮೊದಲೇ ತೆಗೆದಿಡಿ. ಇಲ್ಲದಿದ್ದರೆ ಅವೂ ಕನ್ನಡವಾಗಿ ತಿರುಗಿ ಕಲಸಿಹೋಗುತ್ತವೆ. ಉಳಿಸುವಾಗ ಪವರ್‌ಪಾಯಿಂಟಿನ ಆಪ್ಷನ್ಸ್, ಸೇವ್‌ನಲ್ಲಿ ಫಾಂಟ್ ಎಂಬೆಡ್ ಆಯ್ಕೆಗೆ ಗುರುತು ಹಾಕಿ, ಪೆನ್‌ಡ್ರೈವಿನಲ್ಲಿ ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ.