ಕಾರಿಲ್ಲದ ದಾರಿಯಲ್ಲಿ ಹಕ್ಕಿಗಳ ಊರಿಗೆ: ಭರತಪುರದಲ್ಲಿ ಸೈಕಲ್ ಸುತ್ತಾಟ ಹೀಗೆ ಮಾಡಿ

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ದೊಡ್ಡ ಕಾಡೇನಲ್ಲ. ಎಲ್ಲ ಸೇರಿ ಸುಮಾರು 29 ಚದರ ಕಿ.ಮೀ. ನಮ್ಮ ಬಂಡೀಪುರದ ಒಂದು ಮೂಲೆಯಲ್ಲಿ ಕೂತುಬಿಡುತ್ತದೆ. ಆದರೆ ಬಂಡೀಪುರದ ಸಫಾರಿಯಲ್ಲಿ ಗಾಡಿಯಿಂದ ಇಳಿಯುವ ಹಾಗಿಲ್ಲ. ಇಲ್ಲಿ ಸಫಾರಿ ಜೀಪೇ ಇಲ್ಲ. ಇದು ಹುಲಿ, ಆನೆಗಳ ಕಾಡಲ್ಲ. ಹಾಗಾಗಿ ನಡೆದೋ, ಸೈಕಲ್ ತುಳಿದೋ, ಸೈಕಲ್ ರಿಕ್ಷಾದಲ್ಲಿ ಕೂತೋ ನೋಡಬಹುದು. ಇತ್ತೀಚೆಗೆ ಬ್ಯಾಟರಿ ರಿಕ್ಷಾಗಳೂ ಬಂದಿವೆ. ನನ್ನ ಪ್ರಕಾರ ಸೈಕಲ್ಲೇ ಸರಿ. ನಡೆದರೆ ದೂರ ಹೋಗಲಾಗುವುದಿಲ್ಲ, ರಿಕ್ಷಾ ಏರಿಗಳ ಮೇಲೆ ಬರುವುದಿಲ್ಲ.

1. ಟಿಕೆಟ್ ಬುಕ್ ಮಾಡುವ ಮೊದಲು ನೀರಿನ ವಿಚಾರ ಕೇಳಿ

ಇದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ‘ಅಕ್ಟೋಬರ್‌ನಿಂದ ಫೆಬ್ರುವರಿ’ ಅಂತಷ್ಟೇ ಹೇಳಿ ಸುಮ್ಮನಾಗುತ್ತಾರೆ. ಆದರೆ ಕೇವಲಾದೇವ್ ತಾನಾಗಿಯೇ ತುಂಬುವ ಸರೋವರವಲ್ಲ. ಗಂಭೀರ್ ಮತ್ತು ಬಾಣಗಂಗಾ ನದಿಗಳು ಸೇರುವ ಕಡೆ ಇದ್ದ ತಗ್ಗು ಜಾಗ ಇದು. 18ನೇ ಶತಮಾನದಲ್ಲಿ ಭರತಪುರದ ರಾಜ ಸೂರಜ್ ಮಲ್ ಅಜಾನ್ ಬಂಡ್ ಎಂಬ ಒಡ್ಡು ಕಟ್ಟಿಸಿದ. ಆಮೇಲೆ ಬಂದವರು ಒಳಗೆ ಏರಿ, ತೂಬು, ಕಾಲುವೆ ಮಾಡಿ ನೀರನ್ನು ಸಣ್ಣ ಸಣ್ಣ ಕೆರೆಗಳಿಗೆ ಹಂಚಿದರು. ಇವತ್ತಿಗೂ ಕೆಲಸ ನಡೆಯುವುದು ಹಾಗೆಯೇ. ತೂಬು ಎತ್ತಿದರೆ ನೀರು, ಇಲ್ಲದಿದ್ದರೆ ಬಯಲು.

ಮೇಲ್ಭಾಗದಲ್ಲಿ, ಕರೌಲಿ ಜಿಲ್ಲೆಯಲ್ಲಿ, ಪಾಂಚನಾ ಅಣೆಕಟ್ಟು ಬಂದ ಮೇಲೆ ಗಂಭೀರ್ ನದಿಯ ನೀರು ಇಲ್ಲಿಗೆ ಬರುವುದು ಅಪರೂಪವಾಯಿತು. ಆ ನೀರಿಗಾಗಿ ರೈತರು ಮತ್ತು ಉದ್ಯಾನದ ನಡುವೆ ಜಗಳಗಳೂ ಆಗಿವೆ. ಈಗ ಗೋವರ್ಧನ ಕಾಲುವೆ ಮತ್ತು ಚಂಬಲ್ ನದಿಯ ಪೈಪಿನಿಂದಲೂ ನೀರು ತರುತ್ತಾರೆ. ಆದರೂ ಮಳೆ ಕೈಕೊಟ್ಟ ವರ್ಷ ಕೆರೆಗಳು ಬೇಗ ಒಣಗುತ್ತವೆ. ಹಾಗಾಗಿ ಗೇಟಿನ ಹತ್ತಿರದ ಯಾವುದಾದರೂ ಲಾಡ್ಜಿಗೆ ಫೋನ್ ಮಾಡಿ ‘ಈ ಸಲ ನೀರು ಎಷ್ಟಿದೆ?’ ಎಂದು ಕೇಳಿ. ರೂಮಿನ ಬಾಡಿಗೆ ಆಮೇಲೆ ಕೇಳಿದರಾಯಿತು.

ನೀರಿದ್ದರೆ ಎರಡು ಕಾಲ ಚೆನ್ನ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗೂಡು ಕಟ್ಟುವ ಹಕ್ಕಿಗಳ ಗಲಾಟೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹಿಮಾಲಯದ ಆಚೆಯಿಂದ ಬರುವ ಬಾತುಗಳ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುತ್ತವಲ್ಲ, ಆ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಯೂ ಇರುತ್ತವೆ.

2. ತಲುಪುವುದು

ಆಗ್ರಾದಿಂದ ರಸ್ತೆಯಲ್ಲಿ ಸುಮಾರು 55 ಕಿ.ಮೀ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಆಗ್ರಾ ಕಂಟೋನ್ಮೆಂಟ್‌ನಲ್ಲಿ ಇಳಿದು ಬಸ್ಸು ಹಿಡಿಯಬಹುದು. ದಾರಿಯಲ್ಲೇ ಫತೇಪುರ್ ಸಿಕ್ರಿ ಸಿಗುತ್ತದೆ. ಉದ್ಯಾನದ ಮುಖ್ಯ ಗೇಟು ಆಗ್ರಾ–ಜೈಪುರ ಹೆದ್ದಾರಿಯ ಪಕ್ಕದಲ್ಲೇ ಇದೆ. ಲಾಡ್ಜುಗಳೂ ಅಲ್ಲೇ ಇವೆ. ಊರೊಳಗೆ ಉಳಿಯಬೇಡಿ, ಬೆಳಗಿನ ಜಾವ ಆಟೋ ಹುಡುಕುವುದೇ ಕೆಲಸವಾಗುತ್ತದೆ.

3. ಸೈಕಲ್ ಆರಿಸುವಾಗ ಅವಸರ ಬೇಡ

ಗೇಟಿನ ಬಳಿ ಬಾಡಿಗೆ ಸೈಕಲ್ ಸಿಗುತ್ತದೆ. ಗುರುತಿನ ಚೀಟಿಯೋ, ಸ್ವಲ್ಪ ಮುಂಗಡವೋ ಕೇಳುತ್ತಾರೆ. ಗೇರಿಲ್ಲದ ಭಾರದ ಸೈಕಲ್ಲೇ ಜಾಸ್ತಿ. ಪರವಾಗಿಲ್ಲ, ಇಡೀ ಉದ್ಯಾನ ಅಂಗೈಯಷ್ಟು ಸಪಾಟು. ನೀವು ನೋಡಬೇಕಾದ್ದು ಬೇರೆ. ಎರಡೂ ಬ್ರೇಕು ಹಿಡಿಯುತ್ತವಾ? ಚೈನು ಸಡಿಲವಾಗಿ ಕಳಚುತ್ತದಾ? ಸ್ಟ್ಯಾಂಡು ನಿಲ್ಲುತ್ತದಾ? ಸ್ಟ್ಯಾಂಡು ಮುಖ್ಯ, ಯಾಕೆಂದರೆ ದಿನವಿಡೀ ಹತ್ತುವುದು, ಇಳಿಯುವುದೇ ಆಗುತ್ತದೆ. ಸೀಟಿನ ಎತ್ತರವನ್ನು ಅಂಗಡಿಯವನ ಸ್ಪ್ಯಾನರ್‌ನಿಂದಲೇ ಸರಿ ಮಾಡಿಸಿಕೊಳ್ಳಿ. ಚಕ್ರ ತಿರುಗಿಸಿ ಟೈರಿಗೆ ಮುಳ್ಳು ಹತ್ತಿದೆಯಾ ನೋಡಿ. ಒಳಗೆ ಕರಿಜಾಲಿ ಮರಗಳೇ ತುಂಬಿವೆ.

ಸೂರ್ಯ ಹುಟ್ಟುವ ಹೊತ್ತಿಗೆ ಗೇಟು ತೆಗೆಯುತ್ತದೆ. ಆ ಹೊತ್ತಿಗೆ ಅಲ್ಲಿರಿ, ಒಳ್ಳೆಯ ಸೈಕಲ್‌ಗಳು ಬೇಗ ಖಾಲಿಯಾಗುತ್ತವೆ. ಎರಡು ಬಾಟಲಿ ನೀರು, ಬಿಸ್ಕೆಟ್, ಬೈನಾಕ್ಯುಲರ್ ಸಾಕು. ಡಿಸೆಂಬರ್, ಜನವರಿಯಲ್ಲಿ ಕೈಗವಸು ಬೇಕೇ ಬೇಕು. ಆ ಚಳಿಯಲ್ಲಿ ಬರಿಗೈಯಲ್ಲಿ ಹ್ಯಾಂಡಲ್ ಹಿಡಿದರೆ ಬೆರಳು ಮರಗಟ್ಟುತ್ತದೆ.

ಗೈಡ್ ಬೇಕಾ? ಹಕ್ಕಿಗಳ ಪರಿಚಯ ಇಲ್ಲದಿದ್ದರೆ ಬೆಳಗಿನ ಹೊತ್ತಿಗೆ ಮಾತ್ರ ಇಟ್ಟುಕೊಳ್ಳಿ. ಅವರೂ ತಮ್ಮ ಸೈಕಲ್‌ನಲ್ಲೇ ಜೊತೆಗೆ ಬರುತ್ತಾರೆ. ಹಗಲಿನಲ್ಲಿ ಗೂಬೆ ಕೂತ ಪೊಟರೆಯನ್ನು ನೀವಾಗಿ ಹುಡುಕುವುದು ಕಷ್ಟ. ಅವರಿಗೆ ಅದರ ವಿಳಾಸ ಗೊತ್ತಿರುತ್ತದೆ.

4. ಮೊದಲ ತುಂಡು ರಸ್ತೆ

ಗೇಟಿನಿಂದ ಕೇವಲಾದೇವ್ ಶಿವ ದೇವಸ್ಥಾನದವರೆಗೆ ಸುಮಾರು 5 ಕಿ.ಮೀ. ಡಾಂಬರು ರಸ್ತೆ. ಮೊದಲ ಭಾಗ ಒಣ ಕುರುಚಲು ಕಾಡು. ನರಿ, ನೀಲ್‌ಗಾಯ್, ಚುಕ್ಕೆ ಜಿಂಕೆ ಇಲ್ಲಿ ಕಾಣುತ್ತವೆ. ಆಮೇಲೆ ಶಾಂತಿ ಕುಟೀರ ಎಂಬ ಅರಣ್ಯ ಇಲಾಖೆಯ ವಿಶ್ರಾಂತಿ ಗೃಹದ ಬಳಿಯ ತಡೆಗಂಬ. ಕಾರಿಲ್ಲದ ಲೋಕ ನಿಜವಾಗಿ ಶುರುವಾಗುವುದು ಅಲ್ಲಿಂದ. ಅರಣ್ಯ ಇಲಾಖೆಯ ಗಾಡಿ ಒಮ್ಮೊಮ್ಮೆ ಬಂದರೆ ಬಂತು, ಅಷ್ಟೇ.

ಸ್ವಲ್ಪ ಮುಂದೆ ಹೋದರೆ ಎರಡೂ ಕಡೆ ನೀರು. ನೀರಿನ ನಡುವೆ ನಿಂತ ಜಾಲಿ ಮರಗಳ ತುಂಬ ಗೂಡುಗಳು. ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ನೋಡಿದವರಿಗೆ ಇವೆಲ್ಲ ಪರಿಚಯದ ಮುಖಗಳೇ. ಸಾರಸ ಜೋಡಿ ಮಾತ್ರ ಹೊಸದು. ಆಳೆತ್ತರದ ಹಕ್ಕಿ, ದೂರದಿಂದಲೇ ಕಾಣುತ್ತದೆ.

ಒಂದು ಉಪಾಯ. ಈ ರಸ್ತೆ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಬೆಳಿಗ್ಗೆ ಹೋಗುವಾಗ ನಿಮ್ಮ ಬಲಗಡೆ, ಅಂದರೆ ಪಶ್ಚಿಮದ ಕೆರೆಗಳನ್ನು ನೋಡಿ. ಬಿಸಿಲು ಬೆನ್ನ ಹಿಂದಿರುತ್ತದೆ, ಬಣ್ಣ ಚೆನ್ನಾಗಿ ಕಾಣುತ್ತದೆ. ಸಂಜೆ ವಾಪಸ್ ಬರುವಾಗಲೂ ಬಲಗಡೆಯೇ, ಆಗ ಅದು ಪೂರ್ವ. ಎಡಕ್ಕೆ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು ಕಾಗೆಯೇ!

5. ಡಾಂಬರು ಬಿಟ್ಟು ಏರಿಗೆ ಇಳಿಯಿರಿ

ಹೆಚ್ಚಿನವರು ದೇವಸ್ಥಾನದವರೆಗೆ ಹೋಗಿ, ಫೋಟೋ ತೆಗೆದು ವಾಪಸ್ ಬಂದುಬಿಡುತ್ತಾರೆ. ಅಷ್ಟಕ್ಕೆ ರಿಕ್ಷಾ ಸಾಕಿತ್ತು, ಅಲ್ವಾ? ರಸ್ತೆಯಿಂದ ಅಕ್ಕಪಕ್ಕ ಕವಲೊಡೆಯುವ ಮಣ್ಣಿನ ಏರಿಗಳೇ ಇಲ್ಲಿನ ಸೈಕಲ್ ದಾರಿಗಳು. ತಡೆ ಇಲ್ಲದ, ಗಾಲಿ ಗುರುತು ಇರುವ ಏರಿಗೆ ತಿರುಗಿ. ಅಗಲ ಕಡಿಮೆಯಾದ ಕಡೆ, ಬೇರು ಎದ್ದ ಕಡೆ ಇಳಿದು ತಳ್ಳಿಕೊಂಡು ಹೋಗಿ. ಮಳೆ ಬಂದ ಮರುದಿನ ಏರಿ ಹತ್ತಲೇಬೇಡಿ, ಜೇಡಿ ಮಣ್ಣು ಮಡ್‌ಗಾರ್ಡಿಗೆ ಕಚ್ಚಿಕೊಂಡು ಚಕ್ರವೇ ತಿರುಗುವುದಿಲ್ಲ.

ಏರಿಯ ಮೇಲೆ ಹತ್ತು ನಿಮಿಷ ತುಳಿದರೆ ಅರ್ಧ ಗಂಟೆ ನಿಲ್ಲಿ. ಬೆಲ್ ಬಾರಿಸಬೇಡಿ, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ. ನೀರಿನ ಅಂಚಿಗೆ ಇಳಿಯಬೇಡಿ.

ನೀರಿನ ಮೇಲೆ ದಟ್ಟವಾಗಿ ಹಬ್ಬಿದ ಹುಲ್ಲು ಕಂಡರೆ ಅದಕ್ಕೊಂದು ಕಥೆ ಇದೆ. 1982ರಲ್ಲಿ ಇಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸ್ ಗೋಲಿಬಾರಿನಲ್ಲಿ ಜನ ಸತ್ತರು. ಆಮೇಲೆ ನೋಡಿದರೆ ಎಮ್ಮೆಗಳು ತಿನ್ನುತ್ತಿದ್ದ ಹುಲ್ಲು ಕೆರೆಗಳನ್ನೇ ಮುಚ್ಚತೊಡಗಿತು. ಬಾತುಗಳಿಗೆ ತೆರೆದ ನೀರು ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವರ್ಷಗಟ್ಟಲೆ ಅಧ್ಯಯನ ಮಾಡಿ, ಮೇಯಿಸುವುದನ್ನು ನಿಲ್ಲಿಸಿದ್ದರಿಂದ ಹಕ್ಕಿಗಳಿಗೇ ತೊಂದರೆಯಾಯಿತು ಎಂದು ಹೇಳಿತು. ಒಣ ಭಾಗದಲ್ಲಿ ಇನ್ನೊಂದು ಕಾಟ, ಬಳ್ಳಾರಿ ಜಾಲಿ. ಅದನ್ನು ಬೇರುಸಮೇತ ಕೀಳಿಸುವ ಕೆಲಸಕ್ಕೆ ಕೊನೆಗೆ ಹಳ್ಳಿಯವರನ್ನೇ ಕರೆಯಬೇಕಾಯಿತು.

6. ದೇವಸ್ಥಾನದ ಬಳಿಯ ಕಲ್ಲು ಓದಿ

ಕೋತಿಗಳಿಂದ ಬಿಸ್ಕೆಟ್ ಕಾಪಾಡಿಕೊಂಡು ಇಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ. ಹತ್ತಿರದಲ್ಲೇ ಶಾಸನದಂತಹ ಕಲ್ಲುಗಳಿವೆ. ಯಾವ ದಿನ, ಯಾವ ದೊರೆ, ಎಷ್ಟು ಬಂದೂಕು, ಎಷ್ಟು ಹಕ್ಕಿ ಎಂಬ ಬೇಟೆಯ ಲೆಕ್ಕ ಅದು. ರಾಜರು, ವೈಸರಾಯ್‌ಗಳು ಇಲ್ಲಿ ಬಾತು ಹೊಡೆಯಲು ಬರುತ್ತಿದ್ದರು. 1938ರಲ್ಲಿ ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದ ಒಂದೇ ದಿನ 4,273 ಹಕ್ಕಿಗಳು ಸತ್ತವು. 1981ರಲ್ಲಿ ಈ ಜಾಗ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ, 1985ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆದರೂ ಎಲ್ಲ ಹಕ್ಕಿಗಳೂ ಉಳಿಯಲಿಲ್ಲ. ಚಳಿಗಾಲಕ್ಕೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚಗಳು ಕೊನೆಯದಾಗಿ ಕಂಡದ್ದು 2002ರಲ್ಲಿ.

ದೇವಸ್ಥಾನ ದಾಟಿ ದಕ್ಷಿಣಕ್ಕೆ ಹೋದರೆ ಜನ ಇರುವುದಿಲ್ಲ. ಹುಲ್ಲುಗಾವಲು, ಮುಳ್ಳು ಪೊದೆ. ಚಳಿಗಾಲದಲ್ಲಿ ಹೆಬ್ಬಾವುಗಳು ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುವ ಜಾಗಗಳು ಈ ಕಡೆ ಇವೆ. ಕಾವಲುಗಾರ ಹೋಗಬೇಡಿ ಎಂದರೆ ವಾದ ಬೇಡ. ಗುಂಪು ಸೇರಿದರೆ ಹಾವು ಒಳಗೆ ಹೋಗಿಬಿಡುತ್ತದೆ, ಬಿಸಿಲು ಸಿಗದೆ ಅದಕ್ಕೇ ತೊಂದರೆ.

7. ವಾಪಸ್ ಹೊರಡುವ ಹೊತ್ತು

ಸೂರ್ಯ ಮುಳುಗುವ ಹೊತ್ತಿಗೆ ಗೇಟಿನಲ್ಲಿರಬೇಕು. ದೇವಸ್ಥಾನದಿಂದ ಒಂದೂವರೆ ಗಂಟೆ ಮುಂಚೆ ಹೊರಡಿ. 5 ಕಿ.ಮೀ. ಅರ್ಧ ಗಂಟೆಯ ದಾರಿಯೇ, ಆದರೆ ಸಂಜೆ ಹಕ್ಕಿಗಳು ಗೂಡಿಗೆ ಮರಳುವಾಗ ನೀವು ಹತ್ತು ಕಡೆ ಸೈಕಲ್ ನಿಲ್ಲಿಸುತ್ತೀರಿ. ಬಾಡಿಗೆ ಸೈಕಲ್‌ಗೆ ಲೈಟು ಇರುತ್ತದೆ ಎಂದು ನಂಬಬೇಡಿ.

ಜನವರಿಯಲ್ಲಿ ಹೋಗುವವರು ಮಂಜಿಗೂ ಲೆಕ್ಕ ಇಟ್ಟುಕೊಳ್ಳಿ. ಕೆಲವು ದಿನ ಬೆಳಿಗ್ಗೆ ಹತ್ತಾದರೂ ಸೈಕಲ್‌ನ ಮುಂದಿನ ಚಕ್ರದಾಚೆ ಏನೂ ಕಾಣುವುದಿಲ್ಲ, ರೈಲುಗಳೂ ಗಂಟೆಗಟ್ಟಲೆ ತಡ. ಒಂದು ದಿನ ಹೆಚ್ಚುವರಿ ಇರಲಿ. ಮಂಜು ಬಿದ್ದ ದಿನ ಬೆಳಿಗ್ಗೆ ಭರತಪುರದ ಲೋಹಾಗಢ ಕೋಟೆ ನೋಡಿ, ಬಿಸಿಲು ಬಂದ ಮೇಲೆ ಸೈಕಲ್ ಹತ್ತಿ.