ಟ್ಯಾರೋ: ಕಾರ್ಡ್ ಎತ್ತುವ ಮೊದಲು ಪ್ರಶ್ನೆ ತಿದ್ದಿ

ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳುವವರಿಗೆ ಉತ್ತರ ಎರಡೇ. ಬಲಗಡೆಯಿಂದ ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಇಲ್ಲ. ಅದೇ ರೂಢಿಯಲ್ಲಿ, ಚಿತ್ರದ ಕಾರ್ಡ್ ಎತ್ತಿ ಅರ್ಥ ಹುಡುಕುವ ಟ್ಯಾರೋ ಮುಂದೆ ಕೂತಾಗಲೂ ‘ಕೆಲಸ ಸಿಗುತ್ತಾ?’, ‘ಮದುವೆ ಯಾವಾಗ?’ ಎಂದು ಕೇಳಿಬಿಡುತ್ತೇವೆ. ಆದರೆ 78 ಕಾರ್ಡ್‌ಗಳ ಈ ಕಟ್ಟಿನಲ್ಲಿ ‘ಹೌದು’ ಎಂಬ ಕಾರ್ಡೂ ಇಲ್ಲ, ‘ಇಲ್ಲ’ ಎಂಬ ಕಾರ್ಡೂ ಇಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕೆಂದು ಹುಟ್ಟಿದ ಕಾರ್ಡ್‌ಗಳಿವು. ಇವತ್ತು ಬಹಳಷ್ಟು ಜನ ಬಳಸುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಬಂತು. ಅದರ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಇಸ್ಪೀಟಿನ ಹಾಗೆ ಅಂಕಿ ಇರುವ ಕಾರ್ಡ್‌ಗಳಿಗೂ ಒಂದೊಂದು ದೃಶ್ಯ ಕೊಟ್ಟರು. ಹಾಗಾಗಿ ನಮ್ಮ ಪ್ರಶ್ನೆಯೂ ಚಿತ್ರ ನೋಡಿ ಉತ್ತರ ಹುಡುಕುವಂಥದ್ದಾಗಿರಬೇಕು.

ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಕಾರ್ಡ್ ಕಂಡ ಕೂಡಲೇ ಅದು ನಮಗೆ ಬೇಕಾದ ಹಾಗೆ ಬದಲಾಗುತ್ತದೆ.

ಆಮೇಲೆ ‘ಆಗುತ್ತಾ’, ‘ಸಿಗುತ್ತಾ’, ‘ಯಾವಾಗ’ ಎಂಬ ಪದಗಳನ್ನು ಹೊಡೆದುಹಾಕಿ ‘ಏನು’, ‘ಹೇಗೆ’ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ನನ್ನ ಸೋದರ ಸೊಸೆ ಒಮ್ಮೆ, ‘ಅತ್ತೆ, ಈ ಕೆಲಸ ಆಗುತ್ತಾ ನೋಡಿ’ ಎಂದಳು. ಬಂದದ್ದು ಫೈವ್ ಆಫ್ ಕಪ್ಸ್, ಅಂದರೆ ಐದು ಬಟ್ಟಲುಗಳ ಕಾರ್ಡ್. ಕಪ್ಪು ನಿಲುವಂಗಿ ಹೊದ್ದವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ, ಮುಂದೆ ಮೂರು ಬಟ್ಟಲು ಉರುಳಿವೆ. ‘ಹಾಗಾದ್ರೆ ಇಲ್ಲ ಅಂತಾನಾ?’ ಅವಳ ಮುಖ ಬಾಡಿತು. ಕಾರ್ಡ್ ಅಲ್ಲೇ ಇರಲಿ ಎಂದು ಪ್ರಶ್ನೆ ಮಾತ್ರ ತಿದ್ದಿಸಿದೆ: ‘ಈ ಸಂದರ್ಶನಕ್ಕೆ ಹೊರಟಾಗ ನನ್ನ ಕಣ್ಣಿಗೆ ಬೀಳದೆ ಇರೋದು ಏನು?’ ಸ್ವಲ್ಪ ಹೊತ್ತು ನೋಡಿ, ಅವನ ಬೆನ್ನ ಹಿಂದೆ ನೆಟ್ಟಗೆ ನಿಂತಿದ್ದ ಎರಡು ಬಟ್ಟಲುಗಳ ಮೇಲೆ ಬೆರಳಿಟ್ಟಳು. ‘ಹಳೇ ಆಫೀಸಿನ ಮೇಡಂ ನನ್ನ ಬಗ್ಗೆ ಹೇಳ್ತೀನಿ ಅಂದಿದ್ರು ಅತ್ತೆ. ನಾನೇ ಫೋನ್ ಮಾಡಿಲ್ಲ.’ ಕಾರ್ಡ್ ಭವಿಷ್ಯ ಹೇಳುತ್ತದೆ ಎಂದು ನಾನು ನಂಬುವುದಿಲ್ಲ. ಸರಿಯಾದ ಪ್ರಶ್ನೆ ಇಟ್ಟುಕೊಂಡು ಚಿತ್ರದ ಮುಂದೆ ಕೂತರೆ ಮನಸ್ಸು ಬಾಯಿಬಿಡುತ್ತದೆ, ಅಷ್ಟನ್ನು ಮಾತ್ರ ನಂಬುತ್ತೇನೆ.

ಪ್ರಶ್ನೆಯಲ್ಲಿ ನೀವಿರಬೇಕು. ‘ಅವನ ಮನಸ್ಸಿನಲ್ಲಿ ಏನಿದೆ?’ ಎಂದು ಕೇಳುವುದು ಬೇರೆಯವರ ಪತ್ರ ಒಡೆದು ಓದಿದ ಹಾಗೆ. ‘ಅವನ ಹತ್ತಿರ ನೇರವಾಗಿ ಮಾತಾಡಲು ನನ್ನನ್ನು ತಡೆಯುತ್ತಿರುವುದು ಏನು?’ ಎಂದು ಬರೆಯಿರಿ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಸಾಕು. ‘ಓದು ಮುಂದುವರಿಸಲಾ, ಕೆಲಸಕ್ಕೆ ಸೇರಲಾ?’ ಎಂಬ ಗೊಂದಲವಿದ್ದರೆ ಎರಡಕ್ಕೂ ಬೇರೆ ಬೇರೆ ಕಾರ್ಡ್ ತೆಗೆದು, ‘ಈ ದಾರಿ ಹಿಡಿದರೆ ನಾನು ಯಾವುದಕ್ಕೆ ಸಿದ್ಧಳಾಗಬೇಕು?’ ಎಂದು ಎರಡು ಸಲ ಕೇಳಿ.

ಕಾಯಿಲೆ, ಕೋರ್ಟು, ಸಾಲದ ವಿಷಯ ಕಾರ್ಡ್ ಮುಂದೆ ತರಲೇಬೇಡಿ. ಅವುಗಳಿಗೆ ಡಾಕ್ಟರ್, ವಕೀಲರು, ಬ್ಯಾಂಕಿನವರು ಇದ್ದಾರೆ.

ಉತ್ತರ ಹಿಡಿಸಲಿಲ್ಲ ಎಂದು ಮತ್ತೆ ಕಲೆಸಿ ಅದನ್ನೇ ಕೇಳಬೇಡಿ. ಪ್ರಶ್ನೆಯ ಕೆಳಗೆ ತಾರೀಖು, ಕಾರ್ಡಿನ ಹೆಸರು, ಆ ಕ್ಷಣ ಹೊಳೆದ ಒಂದು ಸಾಲು ಬರೆದು ಕಟ್ಟನ್ನು ಎತ್ತಿಡಿ. ನಮ್ಮ ಹುಡುಗಿ ಅವತ್ತು ಕಾರ್ಡ್ ಮೇಜಿನ ಮೇಲೆ ಬಿಟ್ಟು, ಫೋನ್ ಹಿಡಿದು ಜಗುಲಿಗೆ ಎದ್ದು ಹೋದಳು.